ರಿಪೋರ್ಟ್ ಸರಿ ಬಂದರೂ ಕಣ್ಣು ಯಾಕೆ ಉಬ್ಬುತ್ತದೆ?

ಬದಿಯಡ್ಕ ಕಡೆಯ ಓದುಗರೊಬ್ಬರ ಪತ್ರ: "ನನಗೆ 42 ವರ್ಷ. ಕಳೆದ ವರ್ಷ ಗ್ರೇವ್ಸ್ ಕಾಯಿಲೆ, ಅಂದರೆ ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುವ ಕಾಯಿಲೆ, ಅಂತ ಗೊತ್ತಾಯಿತು. ಮಾತ್ರೆ ತಿಂದು ಈಗ ರಕ್ತದ ರಿಪೋರ್ಟ್ ಸರಿ ಇದೆ. ಆದರೆ ಕಣ್ಣು ಮುಂದೆ ಬರುತ್ತಲೇ ಇದೆ. ಬೆಳಗ್ಗೆ ಎದ್ದರೆ ಕೆಂಪು, ನೋವು. ಮದುವೆ ಮನೆಯಲ್ಲಿ 'ಯಾಕೆ ಹಾಗೆ ದುರುಗುಟ್ಟಿ ನೋಡ್ತೀ' ಎನ್ನುತ್ತಾರೆ. ರೋಗ ತಡೆಯುವ ಶಕ್ತಿ ಕಡಿಮೆ ಆಗಿದೆ ಎಂದು ನೆಂಟರೊಬ್ಬರು ಇಮ್ಯುನಿಟಿ ಪುಡಿ ಕೊಟ್ಟಿದ್ದಾರೆ. ತಿನ್ನಬಹುದೇ? ಮನೆಯವರು ಬೀಡಿ ಸೇದುತ್ತಾರೆ, ಅದರಿಂದ ಏನಾದರೂ ತೊಂದರೆ ಉಂಟೇ?"

ಅಕ್ಕಾ, ಆ ಪುಡಿಯ ಡಬ್ಬಿಯನ್ನು ಮುಚ್ಚಿಡಿ. ನಿಮ್ಮ ರೋಗ ತಡೆಯುವ ಶಕ್ತಿ ಕಡಿಮೆಯಾಗಿಲ್ಲ. ಅದು ಗುರಿ ತಪ್ಪಿದೆ.

ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಎಂಬ ಹಾರ್ಮೋನು ಕಳುಹಿಸುತ್ತದೆ. ಅದು ಥೈರಾಯ್ಡಿನ ರಿಸೆಪ್ಟರಿಗೆ, ಅಂದರೆ ಸಂದೇಶ ಹಿಡಿಯುವ ಸ್ವಿಚ್ಚಿಗೆ, ತಾಗಿದರೆ ಗ್ರಂಥಿ ಕೆಲಸ ಮಾಡುತ್ತದೆ. ಗ್ರೇವ್ಸ್ ಕಾಯಿಲೆಯಲ್ಲಿ ರೋಗ ತಡೆಯಬೇಕಾದ ರಕ್ತದ ಟಿ ಕೋಶಗಳು ಈ ರಿಸೆಪ್ಟರನ್ನೇ ಹೊರಗಿನ ಶತ್ರು ಎಂದು ತಿಳಿಯುತ್ತವೆ. ಅವು ಎಬ್ಬಿಸಿದ ಬಿ ಕೋಶಗಳು ಶತ್ರುವಿಗೆ ಅಂಟಿಕೊಳ್ಳುವ ಆಂಟಿಬಾಡಿ ಎಂಬ ಪ್ರೋಟೀನು ತಯಾರಿಸುತ್ತವೆ. ಆ ಆಂಟಿಬಾಡಿ ರಿಸೆಪ್ಟರನ್ನು ಒತ್ತಿ ಹಿಡಿದುಬಿಡುತ್ತದೆ. ತೋಟದ ಪಂಪಿನ ಸ್ವಿಚ್ಚು ಸಿಕ್ಕಿಹಾಕಿಕೊಂಡು ಹಗಲೂ ರಾತ್ರಿ ಓಡಿದ ಹಾಗೆ.

ನಿಮ್ಮ ಮಾತ್ರೆ ಆ ಪಂಪನ್ನು ತಡೆದಿದೆ. ರಿಪೋರ್ಟ್ ಸರಿ ಬಂದದ್ದು ಅದಕ್ಕೇ. ಆದರೆ ಅದೇ ರಿಸೆಪ್ಟರು ಕಣ್ಣುಗುಡ್ಡೆಯ ಹಿಂದಿನ ಫೈಬ್ರೊಬ್ಲಾಸ್ಟ್ ಎಂಬ ಕೋಶಗಳ ಮೇಲೂ ಇದೆ. ಪಕ್ಕದಲ್ಲೇ ಐಜಿಎಫ್-1 ಎಂಬ ಬೆಳವಣಿಗೆಯ ಸಂದೇಶ ಹಿಡಿಯುವ ಇನ್ನೊಂದು ರಿಸೆಪ್ಟರು. ಎರಡೂ ಜೊತೆ ಸೇರಿ ಕೆಲಸ ಮಾಡುತ್ತವೆ. ಟಿ ಕೋಶಗಳು ಅಲ್ಲಿಗೆ ನುಗ್ಗಿ, ಇಂಟರ್‌ಫೆರಾನ್, ಟಿಎನ್‌ಎಫ್ ಮೊದಲಾದ ರಾಸಾಯನಿಕಗಳನ್ನು ಚೆಲ್ಲಿ ಫೈಬ್ರೊಬ್ಲಾಸ್ಟುಗಳನ್ನು ಕೆರಳಿಸುತ್ತವೆ. ಕೆರಳಿದ ಫೈಬ್ರೊಬ್ಲಾಸ್ಟುಗಳಲ್ಲಿ ಕೆಲವು ಕೊಬ್ಬಿನ ಕೋಶಗಳಾಗುತ್ತವೆ. ಉಳಿದವು ಹೈಅಲುರೊನಾನ್ ಎಂಬ ಅಂಟು ಪದಾರ್ಥ ಸುರಿಸುತ್ತವೆ. ಶರಬತ್ತಿಗೆ ಹಾಕಿದ ಕಾಮಕಸ್ತೂರಿ ಬೀಜ ನೀರು ಕುಡಿದು ಹೇಗೆ ಉಬ್ಬುತ್ತದೆ, ನೋಡಿದ್ದೀರಲ್ಲ? ಇದೂ ಹಾಗೇ ನೀರು ಎಳೆಯುತ್ತದೆ. ಕಣ್ಣಿನ ಗೂಡು ಮೂಳೆಯದ್ದು, ಹಿಗ್ಗುವುದಿಲ್ಲ. ಒಳಗೆ ಊದಿದರೆ ಕಣ್ಣಿಗೆ ಮುಂದೆ ಬರುವುದೊಂದೇ ದಾರಿ. ದುರುಗುಟ್ಟುವುದು ನಿಮ್ಮ ಸ್ವಭಾವ ಅಲ್ಲ ಅಕ್ಕಾ. ರೆಪ್ಪೆ ಮೇಲೆ ಸರಿದಿದೆ, ಅಷ್ಟೇ. ಹಾಗೆ ಹೇಳಿದವರಿಗೆ ಇದನ್ನು ಧೈರ್ಯವಾಗಿ ತಿಳಿಸಿ.

ರಾಬರ್ಟ್ ಗ್ರೇವ್ಸ್ ಎಂಬ ಐರಿಷ್ ವೈದ್ಯರು 1835ರಲ್ಲಿ, ಜರ್ಮನಿಯ ಬಾಸೆಡೊ 1840ರಲ್ಲಿ ಈ ಕಾಯಿಲೆಯನ್ನು ವಿವರಿಸಿದರು. ಕೋಶಗಳ ಕತೆ ಬಿಡಿಸಿಕೊಂಡದ್ದು ಬಹಳ ತಡವಾಗಿ.

ನನಗೆ ಜಾಸ್ತಿ ಆತಂಕ ಇರುವುದು ಸಮಯದ ಬಗ್ಗೆ. ಈ ಉರಿಯೂತ ಸಾಮಾನ್ಯವಾಗಿ ಆರು ತಿಂಗಳಿಂದ ಎರಡು ವರ್ಷ ಬಿಸಿಯಾಗಿರುತ್ತದೆ. ಕೋಶಗಳನ್ನು ಶಾಂತ ಮಾಡುವ ಮದ್ದು ಚೆನ್ನಾಗಿ ಕೆಲಸ ಮಾಡುವುದು ಆಗಲೇ. ತಣಿದ ಮೇಲೆ ಗಾಯದ ಕಲೆಯಂತೆ ಕಣ್ಣು ತಿರುಗಿಸುವ ಸ್ನಾಯು ಗಟ್ಟಿಯಾಗುತ್ತದೆ. ಆಗ ಉಳಿಯುವುದು ಹೆಚ್ಚಾಗಿ ಆಪರೇಷನ್. ನಿಮ್ಮ ಕೆಂಪು, ನೋವು ಈಗಿನ್ನೂ ಬಿಸಿ ಇದೆ ಎನ್ನುತ್ತಿವೆ. ಹಾಗಾಗಿ ಥೈರಾಯ್ಡ್ ಡಾಕ್ಟರ ಜೊತೆಗೆ ಕಣ್ಣಿನ ಗೂಡಿನ ತಜ್ಞರನ್ನೂ ಈ ವಾರವೇ ಕಾಣಿ. ಮಂಗಳೂರಿಗೆ ಬಸ್ಸು ಹತ್ತಬೇಕಾದರೂ ಹತ್ತಿ.

ರೋಗ ಬಿಸಿಯಾಗಿದ್ದು ಜೋರಾಗಿದ್ದರೆ ವಾರಕ್ಕೊಮ್ಮೆ, 12 ವಾರ, ರಕ್ತನಾಳಕ್ಕೆ ಉರಿಯೂತ ಇಳಿಸುವ ಸ್ಟೆರಾಯ್ಡ್ ಕೊಡುವುದು ರೂಢಿ. ಬಿ ಕೋಶಗಳನ್ನು ಇಳಿಸುವ ರಿಟಕ್ಸಿಮ್ಯಾಬ್ ಇದೆ. ಐಎಲ್-6 ಎಂಬ ಸಂದೇಶ ತಡೆಯುವ ಟೊಸಿಲಿಜುಮ್ಯಾಬ್ ಇದೆ. ಐಜಿಎಫ್-1 ರಿಸೆಪ್ಟರನ್ನೇ ಮುಚ್ಚುವ ಟೆಪ್ರೊಟುಮುಮ್ಯಾಬ್‌ಗೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದರಿಂದ ಕಿವಿ ಮಂದವಾಗಬಹುದು, ಸಕ್ಕರೆ ಏರಬಹುದು. ಯಾವುದು ಬೇಕು ಎನ್ನುವುದು ಡಾಕ್ಟರ ನಿರ್ಧಾರ. ಥೈರಾಯ್ಡಿಗೆ ರೇಡಿಯೋ ಅಯೋಡಿನ್ ಎಂಬ ವಿಕಿರಣದ ಮದ್ದು ಕೊಡುವ ಮಾತು ಬಂದರೆ ಕಣ್ಣಿನ ವಿಷಯ ಮೊದಲೇ ಹೇಳಿ. ಅದರಿಂದ ಕಣ್ಣು ಕೆಡುವುದುಂಟು. ಬಣ್ಣಗಳು ಮಾಸಿ ಕಂಡರೆ ಅಥವಾ ದೃಷ್ಟಿ ಮಬ್ಬಾದರೆ ಅವತ್ತೇ ಹೊರಡಿ. ಕಣ್ಣಿನ ನರಕ್ಕೆ ಒತ್ತು ಬಿದ್ದಿರಬಹುದು.

ಇನ್ನು ಬೀಡಿ. ಈ ಕಣ್ಣಿನ ಕಾಯಿಲೆ ಸೇದುವವರಲ್ಲಿ ಜಾಸ್ತಿ, ಜೋರೂ ಜಾಸ್ತಿ, ಮದ್ದೂ ಸರಿಯಾಗಿ ಹಿಡಿಯುವುದಿಲ್ಲ. ಬೇರೆಯವರ ಹೊಗೆಯಿಂದಲೂ ದೂರ ಇರಲು ಡಾಕ್ಟರುಗಳು ಹೇಳುತ್ತಾರೆ. ಆದ್ದರಿಂದ ಈ ಕೊನೆಯ ಮಾತು ನಿಮ್ಮ ಮನೆಯವರಿಗೆ: ಅಣ್ಣಾ, ಅವರ ಕಣ್ಣು ತಣಿಯುವ ತನಕವಾದರೂ ಬೀಡಿಯನ್ನು ಮನೆಯೊಳಗೆ ತರಬೇಡಿ. ಪೂರ್ತಿ ಬಿಟ್ಟರೆ ಇನ್ನೂ ಸಂತೋಷ. ಬಿಟ್ಟ ಮೇಲೆ ನಮಗೊಂದು ಕಾರ್ಡು ಬರೆಯಿರಿ.