ಇಪ್ಪತ್ತು ಜನ, ಒಂದು ಹಡಗು: ಗುಂಪು ಕ್ರೂಸ್ ಬಗ್ಗೆ ಉತ್ತರ

ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತು ಇದ್ದಾಗ ಓದಿ.

ನೀವು ಕೇಳಿದ್ದು: ನೆಂಟರು, ಸ್ನೇಹಿತರು ಸೇರಿ ಇಪ್ಪತ್ತು ಜನ. ಶಾಲೆಗೆ ಹೋಗುವ ನಾಲ್ಕು ಮಕ್ಕಳು, ಎಪ್ಪತ್ತು ದಾಟಿದ ಹಿರಿಯರೂ ಇದ್ದಾರೆ. ಒಂದು ವಾರದ ಕ್ರೂಸ್. ಗುಂಪಾಗಿ ಬುಕ್ ಮಾಡಿದರೆ ಲಾಭ ಇದೆಯಾ, ಇಷ್ಟು ಜನರನ್ನು ಸಂಭಾಳಿಸುವುದು ಹೇಗೆ? ಕೆಳಗೆ ಇನ್ನೊಬ್ಬರು "ಏಜೆಂಟರು ಕ್ರೂಸ್ ಹೊಗಳುವುದೇ ಕಮಿಷನ್‌ಗೆ" ಅಂತ ಬರೆದಿದ್ದಾರೆ. ಮೊದಲು ಅದನ್ನೇ ಮುಗಿಸುತ್ತೇನೆ.

ಹೌದು, ಕಮಿಷನ್ ಬರುತ್ತದೆ. ಕ್ರೂಸ್ ಕಂಪನಿಯೇ ಕೊಡುತ್ತದೆ. ಅದೂ ಪ್ರಯಾಣ ದರದ ಮೇಲೆ ಮಾತ್ರ, ತೆರಿಗೆ ಮತ್ತು ಬಂದರು ಶುಲ್ಕದ ಮೇಲೆ ಇಲ್ಲ. ಆದರೆ ನಾನೂ ನಮ್ಮನೆಯವರೂ ಈ ಏಜೆಂಟ್ ಕೆಲಸದಲ್ಲಿದ್ದುಕೊಂಡು ನಮ್ಮ ಸ್ವಂತ ರಜೆಗೂ ಹಡಗನ್ನೇ ಹತ್ತುತ್ತೇವೆ, ಅದಕ್ಕೆ ಯಾರೂ ಕಮಿಷನ್ ಕೊಡುವುದಿಲ್ಲ. ನಮ್ಮನೆಯವರಿಗೆ ಹಡಗಿನ ಹುಚ್ಚು. ಹೊಸ ಹಡಗಿನ ಡೆಕ್ ನಕ್ಷೆ, ಅಂದರೆ ಮಹಡಿ ಮಹಡಿಯ ನಕ್ಷೆ, ಬಂದರೆ ರಾತ್ರಿ ನಿದ್ದೆ ಬಿಟ್ಟು ನೋಡುತ್ತಾರೆ. ನನಗೆ ಇಷ್ಟ ಆಗುವುದು ಗುಂಪುಗಳು. ಎಲ್ಲರನ್ನೂ ಸೇರಿಸುವುದು, ಹೆಸರಿನ ಪಟ್ಟಿ, ಗಡುವು, ಈ ತಲೆನೋವೆಲ್ಲ ನನ್ನದೇ.

ಗುಂಪಿಗೆ ಕ್ರೂಸ್ ಯಾಕೆ ಒಗ್ಗುತ್ತದೆ ಅಂದರೆ, ಅಲ್ಲಿ ಗುಂಪನ್ನು ಚದುರಲು ಬಿಡಬಹುದು. ಬಸ್ ಪ್ರವಾಸದಲ್ಲಿ ಇಪ್ಪತ್ತು ಜನ ಒಂದೇ ಹೊತ್ತಿಗೆ ಏಳಬೇಕು, ಒಂದೇ ಕಡೆ ಇಳಿಯಬೇಕು, ಒಬ್ಬರು ತಡ ಮಾಡಿದರೆ ಉಳಿದವರೆಲ್ಲ ಕಾಯಬೇಕು. ಮೂರನೇ ದಿನಕ್ಕೆ ಮುಖ ಊದಿಕೊಂಡಿರುತ್ತದೆ. ಹಡಗಿನಲ್ಲಿ ಮಕ್ಕಳು ಈಜುಕೊಳದಲ್ಲಿ, ಅಜ್ಜಿ ಡೆಕ್ಕಿನ ನೆರಳಲ್ಲಿ, ಒಬ್ಬರಿಗೆ ನಿದ್ದೆ, ಇನ್ನೊಬ್ಬರಿಗೆ ನಾಟಕ. ಯಾರೂ ಕಳೆದುಹೋಗುವುದಿಲ್ಲ, ಸಂಜೆ ಊಟಕ್ಕೆ ಎಲ್ಲರೂ ಇರುತ್ತಾರೆ. ಹಾಗಾಗಿ ನಮ್ಮ ಗುಂಪುಗಳಿಗೆ ಎರಡೇ ಕಟ್ಟುನಿಟ್ಟು: ಹೊರಡುವ ಮೊದಲು ಗಡುವು, ಹೊರಟ ಮೇಲೆ ರಾತ್ರಿ ಊಟ. ಹಗಲಲ್ಲಿ ಯಾರು ಎಲ್ಲಿದ್ದರು ಅಂತ ಕೇಳುವ ಹಾಗಿಲ್ಲ.

ಈಗ ಹಣದ ವಿಷಯ. ಇಲ್ಲೇ ಜಾಸ್ತಿ ಗೊಂದಲ ಇರುವುದು, ನಿಧಾನವಾಗಿ ಓದಿ.

ಹಲವು ದೊಡ್ಡ ಕಂಪನಿಗಳಲ್ಲಿ 8 ಕ್ಯಾಬಿನ್ (ಹಡಗಿನ ಕೋಣೆ), ಅಂದರೆ ಕ್ಯಾಬಿನ್‌ಗೆ ಇಬ್ಬರಂತೆ 16 ಜನ ಇದ್ದರೆ ಗುಂಪು ಅಂತ ಲೆಕ್ಕ. ಪ್ರತಿ 16 ಜನಕ್ಕೆ ಒಬ್ಬರ ಪ್ರಯಾಣ ದರ ಮಾಫಿ. ಆದರೆ ಒಂದೇ ಕ್ಯಾಬಿನ್‌ನ ಮೂರನೇ, ನಾಲ್ಕನೇ ಹಾಸಿಗೆಯವರು ಸಾಮಾನ್ಯವಾಗಿ ಈ ಲೆಕ್ಕಕ್ಕೆ ಸೇರುವುದಿಲ್ಲ. ನಿಮ್ಮ ನಾಲ್ಕು ಮಕ್ಕಳು ಅಪ್ಪ ಅಮ್ಮನ ಕ್ಯಾಬಿನ್‌ನಲ್ಲೇ ಮಲಗಿದರೆ ನಿಮ್ಮ ಲೆಕ್ಕ ಸರಿಯಾಗಿ 16. ಒಂದು ಜೋಡಿ ಹಿಂದೆ ಸರಿದರೆ ಮಾಫಿ ಹೋಯಿತು. ಇನ್ನೊಂದು ವಿಷಯ, ಮಾಫಿ ಅಂದರೆ ದರ ಮಾತ್ರ. ತೆರಿಗೆ, ಬಂದರು ಶುಲ್ಕ, ಸಿಬ್ಬಂದಿಯ ಟಿಪ್ಸ್ ಕೊಡಲೇಬೇಕು. ಆ ಉಳಿತಾಯವನ್ನು ಎಲ್ಲರಿಗೂ ಹಂಚುತ್ತೀರೋ, ಓಡಾಡಿದ ನೀವೇ ಇಟ್ಟುಕೊಳ್ಳುತ್ತೀರೋ, ಎರಡೂ ತಪ್ಪಲ್ಲ. ಮೊದಲ ದಿನವೇ ಹೇಳಿಬಿಡಿ. ಆಮೇಲೆ ಗೊತ್ತಾದರೆ ಬೇಜಾರು ಹಣಕ್ಕಿಂತ ದೊಡ್ಡದಾಗುತ್ತದೆ.

ಆದರೂ ಒಂದು ಹಾಸಿಗೆಯ ದರವನ್ನು ಇಪ್ಪತ್ತು ಜನಕ್ಕೆ ಹಂಚಿದರೆ ತಲೆಗೆ ಬರುವುದು ಅಷ್ಟರಲ್ಲೇ ಇದೆ. ಗುಂಪು ಬುಕಿಂಗ್‌ನ ನಿಜವಾದ ಲಾಭ ಬೇರೆ. ಕ್ಯಾಬಿನ್‌ಗಳನ್ನು ಹಿಡಿದಿಟ್ಟ ದಿನದ ದರ ನಿಮಗೆ ಗಟ್ಟಿಯಾಗುತ್ತದೆ. ನೆಂಟರು "ಯೋಚನೆ ಮಾಡಿ ಹೇಳುತ್ತೇವೆ" ಅನ್ನುವಷ್ಟರಲ್ಲಿ ಹೊರಗಿನ ದರ ಏರಿದರೂ ನಿಮ್ಮದು ಏರುವುದಿಲ್ಲ. ಹೊರಗಿನ ದರ ಇಳಿದರೆ ಆ ಕಡಿಮೆ ದರ ತಾನಾಗಿ ಸಿಗುವುದಿಲ್ಲ, ಕೇಳಿ ನೋಡಬೇಕು, ಅದೂ ಪೂರ್ತಿ ಹಣ ಕಟ್ಟುವ ಮೊದಲು.

ಒಪ್ಪಂದದಲ್ಲಿ ಮೂರು ದಿನಾಂಕಗಳನ್ನು ಹುಡುಕಿ. ಮುಂಗಡ ಕಟ್ಟುವ ದಿನ ಒಂದು. ಮುಂಗಡ ಬಾರದ ಕ್ಯಾಬಿನ್‌ಗಳನ್ನು ಕಂಪನಿ ವಾಪಸ್ ತೆಗೆದುಕೊಳ್ಳುವ ದಿನ ಇನ್ನೊಂದು. ಮೂರನೆಯದು ಪೂರ್ತಿ ಹಣದ ದಿನ, ಸಾಮಾನ್ಯವಾಗಿ ಹಡಗು ಹೊರಡುವ 75ರಿಂದ 120 ದಿನ ಮೊದಲು. ಅದು ದಾಟಿದ ಮೇಲೆ ರದ್ದು ಮಾಡಿದರೆ ಕಡಿತ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಕೊನೆಗೆ ಪ್ರಯಾಣ ದರದಲ್ಲಿ ಒಂದು ಕಾಸೂ ವಾಪಸ್ ಬರುವುದಿಲ್ಲ. ನಾನು ಗುಂಪಿಗೆ ಹೇಳುವ ದಿನಾಂಕ ಕಂಪನಿಯ ದಿನಾಂಕಕ್ಕಿಂತ ಎರಡು ವಾರ ಮೊದಲಿನದು. ಇದು ಸುಳ್ಳಲ್ವಾ ಅಂತ ನಮ್ಮನೆಯವರು ಕೇಳುತ್ತಾರೆ. ಇರಬಹುದು, ಆದರೆ ಅದರಿಂದಲೇ ಕೆಲಸ ನಡೆಯುವುದು.

ಒಂಟಿಯಾಗಿ ಬರುವವರು ಇದ್ದರೆ ಈಗಲೇ ಹೇಳಿ. ಕ್ಯಾಬಿನ್ ದರ ಇಬ್ಬರ ಲೆಕ್ಕದ್ದು, ಒಬ್ಬರೇ ಇದ್ದರೆ ಹೆಚ್ಚುಕಡಿಮೆ ಇಬ್ಬರ ದರ ಕೊಡಬೇಕಾಗಬಹುದು. ಜೋಡಿಯಲ್ಲಿ ಒಬ್ಬರು ಕೊನೆ ಗಳಿಗೆಯಲ್ಲಿ ಬಿಟ್ಟರೂ ಇದೇ ಕಥೆ. 2010ರಲ್ಲಿ ಬಂದ ನಾರ್ವೇಜಿಯನ್ ಎಪಿಕ್ ಹಡಗಿನಲ್ಲಿ ಒಂಟಿ ಪ್ರಯಾಣಿಕರಿಗೇ ಅಂತ ಚಿಕ್ಕ ಸ್ಟುಡಿಯೋ ಕ್ಯಾಬಿನ್ ಮಾಡಿದರು. ಈಗ ಬೇರೆ ಹಡಗುಗಳಲ್ಲೂ ಇವೆ, ಆದರೆ ಕಡಿಮೆ, ಬೇಗ ತುಂಬುತ್ತವೆ.

ಹಡಗು ಯಾವುದು? ಮಕ್ಕಳು ದೊಡ್ಡದೇ ಬೇಕು ಅನ್ನುತ್ತಾರೆ. 2024ರ ಜನವರಿಯಲ್ಲಿ ಪ್ರಯಾಣ ಶುರು ಮಾಡಿದ ಐಕಾನ್ ಆಫ್ ದ ಸೀಸ್ 2,48,663 ಗ್ರಾಸ್ ಟನ್ನೇಜ್‌ನದು. ಅದು ತೂಕ ಅಲ್ಲ, ಹಡಗಿನ ಒಳಜಾಗದ ಅಳತೆ. ಕ್ಯಾಬಿನ್‌ಗೆ ಇಬ್ಬರಂತೆ 5,610 ಜನ, ಎಲ್ಲ ಹಾಸಿಗೆ ತುಂಬಿದರೆ 7,600. ಉದ್ದ ಸುಮಾರು 365 ಮೀಟರ್. ಹಡಗಿನ ತುದಿಯಲ್ಲಿ ಕ್ಯಾಬಿನ್ ಸಿಕ್ಕಿದ ಹಿರಿಯರು ಊಟಕ್ಕೆ ಹೋಗಿಬರುವಷ್ಟರಲ್ಲಿ ಸುಸ್ತಾಗುತ್ತಾರೆ. ತೀರಾ ಚಿಕ್ಕ ಹಡಗು ಚೆಂದದ ಪುಟ್ಟ ಬಂದರುಗಳಿಗೆ ಹೋಗುತ್ತದೆ, ಆದರೆ ಮಕ್ಕಳು ಎರಡನೇ ದಿನಕ್ಕೆ "ಬೋರು" ಅನ್ನುತ್ತಾರೆ. ನಿಮ್ಮಂಥ ಗುಂಪಿಗೆ ನಡುಗಾತ್ರದ್ದು ಸಾಕು ಅಂತ ನನ್ನ ಅಭಿಪ್ರಾಯ. ನಮ್ಮನೆಯವರು ಒಪ್ಪುವುದಿಲ್ಲ, ಅವರಿಗೆ ದೊಡ್ಡದೇ ಆಗಬೇಕು.

ಕ್ಯಾಬಿನ್ ಆಯ್ಕೆಯಲ್ಲಿ ಮಾತ್ರ ನಾನು ಅವರ ಮಾತು ಕೇಳುತ್ತೇನೆ. ಹೊಟ್ಟೆ ತೊಳಸುವವರಿಗೆ ಕೆಳಗಿನ ಡೆಕ್, ಅದರಲ್ಲೂ ಹಡಗಿನ ನಡುಭಾಗ. ಅಲುಗಾಟ ಅಲ್ಲಿ ಕಡಿಮೆ. ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇರುವ ಡೆಕ್ ಹಿಡಿಯಿರಿ. ಈಜುಕೊಳದ ಡೆಕ್ಕಿನ ಕೆಳಗೆ ಸಿಕ್ಕಿದರೆ ಬೆಳಗಾಗುವ ಮೊದಲೇ ಕುರ್ಚಿ ಎಳೆಯುವ ಸದ್ದು. ನಾಟಕಶಾಲೆಯ ಮೇಲೆ ಸಿಕ್ಕಿದರೆ ರಾತ್ರಿ ಜಾಗರಣೆ. "ಗ್ಯಾರಂಟಿ ಕ್ಯಾಬಿನ್" ಅಂತ ಕಡಿಮೆ ದರಕ್ಕೆ ಕೊಡುತ್ತಾರೆ, ಅದರಲ್ಲಿ ಯಾವ ಕ್ಯಾಬಿನ್ ಅಂತ ಕಂಪನಿಯೇ ಆರಿಸುತ್ತದೆ. ಗುಂಪಿಗೆ ಅದು ಬೇಡ, ಒಬ್ಬರು ಮೂತಿಯಲ್ಲಿ, ಒಬ್ಬರು ಬಾಲದಲ್ಲಿ ಬೀಳುತ್ತೀರಿ. ಮಕ್ಕಳಿರುವವರು ನಡುವೆ ಬಾಗಿಲಿರುವ ಜೋಡಿ ಕ್ಯಾಬಿನ್ ಕೇಳಬಹುದು. ಗಾಲಿಕುರ್ಚಿ ಹೋಗುವ ಕ್ಯಾಬಿನ್‌ಗಳು ಬೆರಳೆಣಿಕೆಯಷ್ಟು, ಬೇಕಿದ್ದರೆ ಅದನ್ನೇ ಮೊದಲು ಹಿಡಿಯಿರಿ.

ಬಾಲ್ಕನಿ ಬೇಕಾ? ಅಲಾಸ್ಕಾ, ನಾರ್ವೆ ಕಡೆ ಕೊಟ್ಟ ಹಣ ದಕ್ಕುತ್ತದೆ, ಹಿಮನದಿಯೋ ಫ್ಯೋರ್ಡೋ (ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರ) ಕೂತಲ್ಲೇ ಕಾಣುತ್ತದೆ. ದಿನಕ್ಕೊಂದು ಬಂದರು ಇರುವ ಮೆಡಿಟರೇನಿಯನ್‌ನಲ್ಲಿ ಕ್ಯಾಬಿನ್ ಮಲಗಲು ಮಾತ್ರ, ಒಳಗಿನದೇ ಸಾಕು. ಒಳ ಕ್ಯಾಬಿನ್ ದೀಪ ಆರಿಸಿದರೆ ಕಗ್ಗತ್ತಲು. ಹಿರಿಯರಿಗೆ ಬ್ಯಾಟರಿಯ ಒಂದು ಪುಟ್ಟ ದೀಪ ಕೊಟ್ಟಿರಿ.

ಮಾರ್ಗದ ಪಟ್ಟಿಯಲ್ಲಿ ಊರಿನ ಹೆಸರು ನೋಡಿ ಖುಷಿಪಡಬೇಡಿ, ಬಂದರಿನ ಹೆಸರು ನೋಡಿ. "ರೋಮ್" ಅಂದರೆ ಚಿವಿಟಾವೆಕಿಯಾ, ರೋಮ್‌ನಿಂದ ಸುಮಾರು 70 ಕಿ.ಮೀ. "ಫ್ಲಾರೆನ್ಸ್" ಅಂದರೆ ಲಿವೋರ್ನೊ. "ಪ್ಯಾರಿಸ್" ಅಂದರೆ ಲ ಹಾವ್ರ್, ಸುಮಾರು 200 ಕಿ.ಮೀ. "ಬರ್ಲಿನ್" ಅಂದರೆ ವಾರ್ನೆಮುಂಡೆ, ಅದು ಇನ್ನೂ ದೂರ. ವೆನಿಸ್‌ನಲ್ಲಿ ಸೇಂಟ್ ಮಾರ್ಕ್ ಚೌಕದ ಎದುರಿನಿಂದ ದೊಡ್ಡ ಹಡಗು ಹಾದುಹೋಗುವುದನ್ನು 2021ರ ಆಗಸ್ಟ್‌ನಿಂದ ನಿಲ್ಲಿಸಿದ್ದಾರೆ. ಹಾಗಾಗಿ ವೆನಿಸ್ ಅಂತ ಬರೆದ ಹಡಗು ರವೆನ್ನಾದಲ್ಲೋ ಟ್ರಿಯೆಸ್ಟೆಯಲ್ಲೋ ನಿಲ್ಲಬಹುದು. ಇನ್ನು ಕೆಲವು ಕಡೆ ಹಡಗು ದಡಕ್ಕೇ ಬರುವುದಿಲ್ಲ, ಟೆಂಡರ್ ಅನ್ನುವ ಸಣ್ಣ ದೋಣಿಯಲ್ಲಿ ಇಳಿಯಬೇಕು. ಸ್ಯಾಂಟೊರಿನಿ ಹಾಗೆಯೇ. ಹಳೆ ಬಂದರಿನಲ್ಲಿ ಇಳಿದ ಮೇಲೆ ಊರಿಗೆ ಹತ್ತಲು ಕೇಬಲ್ ಕಾರಿನ ಸಾಲು, ಇಲ್ಲವೇ 600ರ ಹತ್ತಿರ ಮೆಟ್ಟಿಲು. ಮಂಡಿನೋವಿನವರು ಇದ್ದರೆ ಅಂಥ ಬಂದರು ಎಷ್ಟಿವೆ ಅಂತ ಎಣಿಸಿ ನೋಡಿ.

ಕೆರಿಬಿಯನ್ ಕಡೆ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಹಡಗು ಬಿರುಗಾಳಿಯ ದಾರಿ ತಪ್ಪಿಸಿ ಹೋಗುತ್ತದೆ, ಹೆದರಬೇಕಿಲ್ಲ. ಆದರೆ ಬಂದರು ಬದಲಾಗಬಹುದು. ಬದಲಿಸುವ ಹಕ್ಕು ಕಂಪನಿಗೆ ಒಪ್ಪಂದದಲ್ಲೇ ಇರುತ್ತದೆ. ಬಿಟ್ಟುಹೋದ ಬಂದರಿಗೆ ಸಾಮಾನ್ಯವಾಗಿ ಅಲ್ಲಿನ ಶುಲ್ಕ ಮಾತ್ರ ವಾಪಸ್. ಒಂದೇ ಒಂದು ದ್ವೀಪ ನೋಡಲಿಕ್ಕೆಂದೇ ಹೊರಟವರಿಗೆ ಕ್ರೂಸ್ ಬೇಡ, ವಿಮಾನದಲ್ಲಿ ಹೋಗಿ ಅನ್ನುತ್ತೇನೆ.

ವೀಸಾ ವಿಷಯದಲ್ಲಿ "ನಾವು ಹಡಗಿನಿಂದ ಇಳಿಯುವುದೇ ಇಲ್ಲ" ಅನ್ನುವ ಲೆಕ್ಕ ಎಲ್ಲ ಕಡೆ ನಡೆಯುವುದಿಲ್ಲ. ಕಾಗದ ಸರಿ ಇಲ್ಲದಿದ್ದರೆ ಹತ್ತಲೇ ಬಿಡದಿರಬಹುದು. ಸಿಯಾಟಲ್‌ನಿಂದ ಅಲಾಸ್ಕಾಕ್ಕೆ ಹೋಗಿಬರುವ ದೊಡ್ಡ ಹಡಗುಗಳು ಕೆನಡಾದ ವಿಕ್ಟೋರಿಯಾದಲ್ಲಿ ಸಂಜೆ ಹೊತ್ತು ನಿಲ್ಲುವುದನ್ನು ನೋಡಿರುತ್ತೀರಿ. ಅಮೆರಿಕದ 1886ರ ಒಂದು ಕಾನೂನಿನ ಪ್ರಕಾರ ಬೇರೆ ದೇಶದಲ್ಲಿ ನೋಂದಾಯಿಸಿದ ಹಡಗು ನಡುವೆ ಹೊರದೇಶದ ಬಂದರು ಮುಟ್ಟದೆ ಹೀಗೆ ಜನರನ್ನು ಸಾಗಿಸುವ ಹಾಗಿಲ್ಲ. ಅಂದರೆ ಅಮೆರಿಕದ್ದೇ ರಾಜ್ಯ ನೋಡಲು ಹೋದರೂ ಕೆನಡಾದ ನಿಯಮ ನೋಡಬೇಕು. ಯುರೋಪಿನಲ್ಲಿ ಹಡಗು ನಡುವೆ ಟರ್ಕಿಗೆ ಹೋಗಿ ಗ್ರೀಸ್‌ಗೆ ವಾಪಸ್ ಬಂದರೆ, ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ, ಟರ್ಕಿ ಅದರಲ್ಲಿಲ್ಲ) ಬೇಕಾದವರಿಗೆ ಹಲವು ಬಾರಿ ಒಳಬರುವ ವೀಸಾವೇ ಬೇಕು. ಗುಂಪಿನಲ್ಲಿ ಬೇರೆ ಬೇರೆ ದೇಶದ ಪಾಸ್‌ಪೋರ್ಟ್ ಇದ್ದರೆ ಒಬ್ಬೊಬ್ಬರದೂ ಬೇರೆಯಾಗಿ ಪರಿಶೀಲಿಸಿ.

ವಿಮೆ ಎಲ್ಲರಿಗೂ ಮಾಡಿಸಿ, ಮುಂಗಡ ಕಟ್ಟಿದ ಕೂಡಲೇ. ಹಡಗಿನಲ್ಲಿ ವೈದ್ಯರು ಇರುತ್ತಾರೆ, ಆದರೆ ಬಿಲ್ ಬರುತ್ತದೆ, ಊರಿನ ಆರೋಗ್ಯ ವಿಮೆ ಅಲ್ಲಿ ನಡೆಯದಿರಬಹುದು. ಸಮುದ್ರದ ಮಧ್ಯದಿಂದ ಆಸ್ಪತ್ರೆಗೆ ಸಾಗಿಸುವ ಖರ್ಚೂ ಅದರಲ್ಲಿ ಸೇರಿದೆಯಾ ನೋಡಿ. ಗುಂಪಿನಲ್ಲಿ ಬಸುರಿ ಇದ್ದರೆ, ಹಲವು ಕಂಪನಿಗಳು ಪ್ರಯಾಣ ಮುಗಿಯುವಷ್ಟರಲ್ಲಿ 24ನೇ ವಾರ ಮುಟ್ಟುವವರನ್ನು ಹತ್ತಿಸಿಕೊಳ್ಳುವುದಿಲ್ಲ.

ಹತ್ತುವ ಊರಿಗೆ ಒಂದು ದಿನ ಮೊದಲೇ ತಲುಪಿ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ.

ಹತ್ತಿದ ಮೇಲೆ ಮೊದಲ ಕೆಲಸ ಸುರಕ್ಷತಾ ಕವಾಯತು. 2012ರ ಜನವರಿಯಲ್ಲಿ ಇಟಲಿ ಬಳಿ ಕೋಸ್ಟಾ ಕಾಂಕೋರ್ಡಿಯಾ ಹಡಗು ಬಂಡೆಗೆ ಬಡಿದು ವಾಲಿದಾಗ, ಅದೇ ದಿನ ಹತ್ತಿದವರಿಗೆ ಕವಾಯತು ಆಗಿಯೇ ಇರಲಿಲ್ಲ. ಆಮೇಲೆ ನಿಯಮ ಬಿಗಿಯಾಯಿತು, ಈಗ ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಆಗಬೇಕು. ಒಂದು ವಿಷಯ ಗುಂಪಿಗೆ ಬಿಡಿಸಿ ಹೇಳಿ: ಅಪಾಯ ಬಂದಾಗ ಸೇರುವ ಜಾಗ ಕ್ಯಾಬಿನ್ ಮೇಲೆ ನಿಗದಿಯಾಗುತ್ತದೆ, ಎಲ್ಲರಿಗೂ ಒಂದೇ ಆಗಿರುವುದಿಲ್ಲ. ಗಂಟೆ ಬಾರಿಸಿದರೆ ಒಬ್ಬರನ್ನೊಬ್ಬರು ಹುಡುಕಿಕೊಂಡು ಓಡಬಾರದು, ತಮ್ಮ ತಮ್ಮ ಜಾಗಕ್ಕೆ ಹೋಗಬೇಕು.

ಬಂದರಿನಲ್ಲಿ ಇಳಿದಾಗ ಕೈಗಡಿಯಾರದಲ್ಲಿ ಹಡಗಿನ ಸಮಯವೇ ಇರಲಿ. ಫೋನ್ ತಾನಾಗಿ ಊರಿನ ಸಮಯಕ್ಕೆ ಬದಲಾಗುತ್ತದೆ. ಹಡಗಿನವರೇ ನಡೆಸುವ ಪ್ರವಾಸ ತಡವಾದರೆ ಕಾಯುತ್ತಾರೆ, ನೀವೇ ಟ್ಯಾಕ್ಸಿ ಹಿಡಿದು ಹೋಗಿದ್ದರೆ ಇಲ್ಲ. ಹಾಗಂತ ಎಲ್ಲ ಕಡೆ ಅವರ ಪ್ರವಾಸವೇ ತೆಗೆದುಕೊಳ್ಳಬೇಡಿ. ರೋಮ್‌ನಂಥ ದೂರದ ಊರಿಗೆ ಅವರದು, ಬಂದರಿನ ಪಕ್ಕದ ಊರಿಗೆ ನಿಮ್ಮ ಕಾಲು. ಸಮುದ್ರದಲ್ಲಿ ಫೋನ್ ಏರೋಪ್ಲೇನ್ ಮೋಡ್‌ನಲ್ಲಿ ಇಡಲು ಮಕ್ಕಳಿಗೂ ಹೇಳಿ, ಹಡಗಿನ ಮೊಬೈಲ್ ಜಾಲದ ಬಿಲ್ ಕಣ್ಣಲ್ಲಿ ನೀರು ತರಿಸುತ್ತದೆ. ಕೈ ಸೋಪಿನಿಂದಲೇ ತೊಳೆಯಿರಿ. ವಾಂತಿಭೇದಿ ತರುವ ನೊರೊವೈರಸ್‌ಗೆ ಕೈಗೆ ಹಚ್ಚುವ ಜೆಲ್ ಸಾಕಾಗುವುದಿಲ್ಲ.

ಊಟದ ಮೇಜಿನ ವಿಷಯ ಬುಕ್ ಮಾಡುವಾಗಲೇ ಮುಗಿಸಿ. ಎಲ್ಲರ ಬುಕಿಂಗ್ ನಂಬರ್‌ಗಳನ್ನು ಒಂದಕ್ಕೊಂದು ಜೋಡಿಸಲು ಏಜೆಂಟರಿಗೆ ಹೇಳಿ, ಪಕ್ಕಪಕ್ಕದ ಮೇಜು ಕೇಳಿ. ಮಕ್ಕಳೂ ಹಿರಿಯರೂ ಇರುವುದರಿಂದ ಬೇಗನೆಯ ಪಾಳಿ, ನಿಗದಿತ ಸಮಯದ್ದು. ಯಾವಾಗ ಬೇಕಾದರೂ ಬರಬಹುದು ಅನ್ನುವ ಆಯ್ಕೆ ಇಬ್ಬರಿಗೆ ಚೆನ್ನ. ಇಪ್ಪತ್ತು ಜನಕ್ಕೆ ಒಟ್ಟಿಗೆ ಮೇಜು ಸಿಗಲು ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ.

ಸದ್ಯಕ್ಕೆ ಹಡಗು ಹುಡುಕುವುದನ್ನು ಬಿಡಿ. ಎಲ್ಲರ ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆಯೋ ಹಾಗೆಯೇ ಬರೆದುಕೊಳ್ಳಿ, ಮುಗಿಯುವ ದಿನಾಂಕವನ್ನೂ ಬರೆಯಿರಿ. ಪ್ರಯಾಣ ಮುಗಿದ ಮೇಲೂ ಆರು ತಿಂಗಳು ಉಳಿದಿರಬೇಕು. ಪಟ್ಟಿ ಮಾಡುವಾಗಲೇ ಯಾರು ನಿಜವಾಗಿ ಬರುವವರು, ಯಾರು ಸುಮ್ನೆ ಹೂಂ ಅಂದವರು ಅಂತ ಗೊತ್ತಾಗಿಬಿಡುತ್ತದೆ. ಆಮೇಲೆ ಯಾವ ತಿಂಗಳು, ಮಕ್ಕಳ ವಯಸ್ಸೆಷ್ಟು, ಮೆಟ್ಟಿಲು ಹತ್ತಲಾಗದವರು ಎಷ್ಟು ಜನ ಅಂತ ಇಲ್ಲೇ ಬರೆಯಿರಿ. ನಮ್ಮನೆಯವರು ಆಗಲೇ ಡೆಕ್ ನಕ್ಷೆ ತೆರೆದಿಟ್ಟುಕೊಂಡು ಕೂತಿದ್ದಾರೆ.