ರಾಗಿಯ ದತ್ತಾಂಶಕ್ಕೆ ಸೂಪರ್‌ಕಂಪ್ಯೂಟರ್: ಅರ್ಜಿ ಹಾಕುವ ಮುನ್ನ

ಪ್ರಶ್ನೆ: ನಾನು ಸಸ್ಯವಿಜ್ಞಾನದ ಪಿಎಚ್‌.ಡಿ. ವಿದ್ಯಾರ್ಥಿನಿ. ನೀರಿನ ಕೊರತೆಗೆ ಒಡ್ಡಿದ ರಾಗಿ ಸಸಿಗಳ 24 ಮಾದರಿಗಳ ಆರ್‌ಎನ್‌ಎ ಸೀಕ್ವೆನ್ಸಿಂಗ್ ದತ್ತಾಂಶ ನನ್ನ ಬಳಿ ಇದೆ. 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್‌ನಲ್ಲಿ ‘ಸ್ಟಾರ್’ ತಂತ್ರಾಂಶ ನಡುವೆಯೇ ನಿಂತುಹೋಗುತ್ತದೆ. ವಿಭಾಗದಲ್ಲಿ ಸರ್ವರ್ ಇಲ್ಲ. ಸೂಪರ್‌ಕಂಪ್ಯೂಟರ್ ಬಳಸಲು ನಮಗೆ ಅವಕಾಶ ಸಿಗುತ್ತದೆಯೇ? ಅರ್ಜಿಯಲ್ಲಿ ಏನು ಬರೆಯಬೇಕು?
– ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಅವಕಾಶವಿದೆ. ಆದರೆ ಅರ್ಜಿ ಬರೆಯುವ ಮೊದಲು ಲ್ಯಾಪ್‌ಟಾಪ್ ಸೋಲುತ್ತಿರುವುದೇಕೆ ಎಂದು ತಿಳಿದುಕೊಳ್ಳಿ. ಆರ್‌ಎನ್‌ಎ ತುಣುಕುಗಳು ಜೀನೋಮಿನ (ಜೀವಿಯ ಇಡೀ ಡಿಎನ್‌ಎಯ) ಯಾವ ಭಾಗದವೆಂದು ಹೊಂದಿಸಿ ನೋಡುವುದಕ್ಕೆ ಅಲೈನ್‌ಮೆಂಟ್ ಎನ್ನುತ್ತಾರೆ. ಅದನ್ನು ಮಾಡುವ ‘ಸ್ಟಾರ್’ ಇಡೀ ಜೀನೋಮಿನ ಸೂಚಿಯನ್ನು ರ‍್ಯಾಮ್‌ನಲ್ಲಿ ಇಟ್ಟುಕೊಂಡೇ ಕೆಲಸ ಮಾಡುತ್ತದೆ. ಸುಮಾರು 310 ಕೋಟಿ ಬೇಸ್‌ಗಳ (ಡಿಎನ್‌ಎಯ ‘ಅಕ್ಷರ’ಗಳ) ಮಾನವ ಜೀನೋಮಿಗೆ ಅದು 30 ಜಿಬಿಯಷ್ಟು ಕೇಳುತ್ತದೆ. ರಾಗಿಯದು ಸುಮಾರು 120 ಕೋಟಿ ಬೇಸ್‌ಗಳದ್ದಾದ್ದರಿಂದ ಅದೇ ಲೆಕ್ಕದಲ್ಲಿ 12 ಜಿಬಿಯ ಆಸುಪಾಸು ಬೇಕು. ಇದೇ ಕೆಲಸದ ಇನ್ನೊಂದು ತಂತ್ರಾಂಶ ‘ಹೈಸ್ಯಾಟ್2’ ಇದಕ್ಕಿಂತ ಬಹಳ ಕಡಿಮೆ ರ‍್ಯಾಮ್‌ನಲ್ಲಿ ಅಲೈನ್‌ಮೆಂಟ್ ಮುಗಿಸುತ್ತದೆ. ಹಾಗಾಗಿ ನಿಮಗೆ ಬೇಕಿರುವುದು ಸೂಪರ್‌ಕಂಪ್ಯೂಟರಿನ ಒಂದು ಸಣ್ಣ ಪಾಲು ಮಾತ್ರ, ಮತ್ತು ಸಣ್ಣ ಪಾಲು ಕೇಳುವವರಿಗೆ ಅದು ಬೇಗ ಸಿಗುತ್ತದೆ.

ಮೊದಲು ಜೈವಿಕ ದತ್ತಾಂಶವನ್ನು ಅಂತರ್ಜಾಲದಲ್ಲೇ ವಿಶ್ಲೇಷಿಸುವ ವೇದಿಕೆಯಾದ ‘ಗ್ಯಾಲಕ್ಸಿ’ಯ ಸಾರ್ವಜನಿಕ ಸರ್ವರ್‌ಗಳಲ್ಲಿ ಪ್ರಯತ್ನಿಸಿ. ಅಮೆರಿಕ, ಯುರೋಪ್ ಮತ್ತು ಆಸ್ಟ್ರೇಲಿಯಾಗಳಲ್ಲಿ ನಡೆಯುವ ಇವು ಉಚಿತವಾಗಿದ್ದು, ಬ್ರೌಸರ್ ಒಂದಿದ್ದರೆ ಸಾಕು, ಲಿನಕ್ಸ್ ಬರಬೇಕೆಂದಿಲ್ಲ. ರೋಗಿಗಳ ದತ್ತಾಂಶವನ್ನು ಮಾತ್ರ ಸಂಶೋಧನಾ ನೈತಿಕತಾ ಸಮಿತಿಯ ಒಪ್ಪಿಗೆಯಿಲ್ಲದೆ ಇಂಥ ಕಡೆ ಏರಿಸಕೂಡದು. ರಾಗಿಗೆ ಆ ತೊಡಕಿಲ್ಲ, ಮಾರ್ಗದರ್ಶಕರಿಗೆ ತಿಳಿಸಿದರಾಯಿತು.

ಅಲ್ಲಿ ಕೆಲಸ ಸಾಗದಿದ್ದರೆ ಕೇಂದ್ರ ಸರ್ಕಾರದ ಗಣಕ ಸಂಶೋಧನಾ ಸಂಸ್ಥೆಯಾದ ಪುಣೆಯ ಸಿ-ಡ್ಯಾಕ್‌ನಲ್ಲಿ ಜೈವಿಕ ಮಾಹಿತಿ ವಿಜ್ಞಾನಕ್ಕೆಂದೇ ‘ಬ್ರಾಫ್’ ಎಂಬ ಸೌಲಭ್ಯವಿದೆ. 2015ರಲ್ಲಿ ಆರಂಭವಾದ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ ಅಡಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 3.3 ಪೆಟಾಫ್ಲಾಪ್ (ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕಗಳ) ಸಾಮರ್ಥ್ಯದ ‘ಪರಮ್ ಪ್ರವೇಗ’, ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ‘ಪರಮ್ ಯುಕ್ತಿ’ ಇವೆ. ಹೊರಗಿನವರಿಗೆ ಅನ್ವಯಿಸುವ ನಿಯಮ ಮತ್ತು ದರ ಒಂದೊಂದು ಕಡೆ ಒಂದೊಂದು ರೀತಿ ಇರುವುದರಿಂದ ನೇರವಾಗಿ ಪತ್ರ ಬರೆದು ಕೇಳಿ. ಖಾತೆಯ ಹೊಣೆಯನ್ನು ಸಾಮಾನ್ಯವಾಗಿ ಮಾರ್ಗದರ್ಶಕರೇ ಹೊರಬೇಕಾಗುತ್ತದೆ. ಅರ್ಜಿಗೆ ಅವರ ಸಹಿ ಮೊದಲೇ ಪಡೆದಿರಿ.

ಇನ್ನು ಅರ್ಜಿಯ ಮಾತು. ‘ಹೆಚ್ಚಿನ ಸಾಮರ್ಥ್ಯದ ಗಣಕ ಬೇಕಾಗಿದೆ’ ಎಂದಷ್ಟೇ ಬರೆದರೆ ಪರಿಶೀಲಿಸುವವರಿಗೆ ಏನೂ ತಿಳಿಯುವುದಿಲ್ಲ. ಒಂದೇ ಒಂದು ಮಾದರಿಯನ್ನು ಗೆಳೆಯರ ಪ್ರಯೋಗಾಲಯದಲ್ಲಾದರೂ ಓಡಿಸಿ, ಎಷ್ಟು ಕೋರ್ (ಪ್ರೊಸೆಸರಿನ ಗಣನಾ ಘಟಕ), ಎಷ್ಟು ರ‍್ಯಾಮ್, ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಟ್ಟುಕೊಳ್ಳಿ. 8 ಕೋರ್‌ಗಳಲ್ಲಿ ಒಂದು ಗಂಟೆ ಹಿಡಿದರೆ 24 ಮಾದರಿಗಳಿಗೆ 192 ಕೋರ್-ಗಂಟೆ (8 × 1 × 24). ಮರುಪ್ರಯತ್ನಗಳಿಗೆಂದು ಅದರ ಎರಡರಷ್ಟು ಕೇಳುವುದು ನ್ಯಾಯವೇ. ತಂತ್ರಾಂಶದ ಹೆಸರು, ಆವೃತ್ತಿ, ಡಿಸ್ಕ್ ಜಾಗ ಇವನ್ನೂ ನಮೂದಿಸಿ. ಹೀಗೆ ಲೆಕ್ಕ ಕಟ್ಟಿದ ಅರ್ಜಿಯನ್ನು ತಿರಸ್ಕರಿಸುವುದು ಯಾರಿಗೂ ಸುಲಭವಲ್ಲ.

ಖಾತೆ ಸಿಕ್ಕ ಮೇಲೆ ಅಲೈನ್‌ಮೆಂಟನ್ನು ಲಾಗಿನ್ ನೋಡ್‌ನಲ್ಲಿ (ಎಲ್ಲ ಬಳಕೆದಾರರೂ ಮೊದಲು ಪ್ರವೇಶಿಸುವ ಗಣಕದಲ್ಲಿ) ಎಂದೂ ಓಡಿಸಬೇಡಿ. ಅಲ್ಲಿ ಕುಳಿತ ಎಲ್ಲರ ಕೆಲಸವೂ ನಿಧಾನವಾಗುತ್ತದೆ. ಕೆಲಸಗಳನ್ನು ಸರದಿಯಲ್ಲಿಟ್ಟು ಹಂಚುವ ‘ಸ್ಲರ್ಮ್’ ತಂತ್ರಾಂಶ ಬಳಸುವ ಕ್ಲಸ್ಟರ್‌ಗಳಲ್ಲಿ (ಜೋಡಿಸಿದ ಗಣಕಗಳ ಸಮೂಹಗಳಲ್ಲಿ) ಸಣ್ಣ ಸ್ಕ್ರಿಪ್ಟ್ ಬರೆದು ‘ಎಸ್‌ಬ್ಯಾಚ್’ ಆದೇಶದ ಮೂಲಕ ಜಾಬ್ (ಕೆಲಸ) ಸಲ್ಲಿಸಬೇಕು. ಕೇಳಿದ ಸಮಯ ಮೀರಿದರೆ ಜಾಬ್ ರದ್ದಾಗುತ್ತದೆ, ಅಗತ್ಯಕ್ಕಿಂತ ಬಹಳ ಹೆಚ್ಚು ಕೇಳಿದರೆ ಕ್ಯೂನಲ್ಲಿ ಕಾಯುವುದೇ ಆಗುತ್ತದೆ. ‘ಸ್ಕ್ರ್ಯಾಚ್’ ಎಂಬ ತಾತ್ಕಾಲಿಕ ಜಾಗದಲ್ಲಿರುವ ಹಳೆಯ ಕಡತಗಳನ್ನು ಅನೇಕ ಕೇಂದ್ರಗಳು ತಾವಾಗಿಯೇ ಅಳಿಸಿಬಿಡುವುದರಿಂದ, ಸೀಕ್ವೆನ್ಸಿಂಗ್‌ನಿಂದ ಬಂದ ಮೂಲ ಫಾಸ್ಟ್‌ಕ್ಯೂ ಕಡತಗಳ ಇನ್ನೊಂದು ಪ್ರತಿಯನ್ನು ನಿಮ್ಮ ವಿಭಾಗದ ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟುಕೊಂಡ ನಂತರವೇ ಕೆಲಸ ಆರಂಭಿಸಿ.