ಫ್ರೇರ್ ರೋಡಿನ ಖೋಲಿ ಎಲ್ಲಿತ್ತು?

ಪ್ರಶ್ನೆ: ನನ್ನ ಮುತ್ತಜ್ಜ ಉಪ್ಪಳದಿಂದ ಮುಂಬಯಿಗೆ ಹೋಗಿ ಧಕ್ಕೆಯಲ್ಲಿ ದುಡಿದವರು. ಅವರ ಖೋಲಿ ‘ಧಕ್ಕೆಯ ಬೆಂಕಿ’ಯಲ್ಲಿ ಸುಟ್ಟುಹೋಯಿತೆಂದು ಅಜ್ಜಿ ಹೇಳುತ್ತಿದ್ದರು. ನಮ್ಮಲ್ಲಿ ಉಳಿದಿರುವುದು 1952ರ ಒಂದು ಮನಿಯಾರ್ಡರ್ ಕೂಪನ್ ಮಾತ್ರ. ಅದರಲ್ಲಿ ಒಂದು ಚಾಳಿನ ಹೆಸರೂ ‘ಫ್ರೇರ್ ರೋಡ್, ಬೊಂಬಾಯಿ-9’ ಎಂದೂ ಇದೆ. ಕಳೆದ ವರ್ಷ ಮುಂಬಯಿಯಲ್ಲಿ ವಿಚಾರಿಸಿದಾಗ ಅಂಥ ರಸ್ತೆಯೇ ಇಲ್ಲವೆಂದರು. ಮನೆ ಇದ್ದ ಜಾಗವನ್ನಾದರೂ ಕಂಡುಹಿಡಿಯಬಹುದೇ?
— ಓದುಗರೊಬ್ಬರು, ಉಪ್ಪಳ

ಉತ್ತರ: ರಸ್ತೆ ಇದೆ, ಹೆಸರು ಬದಲಾಗಿದೆ. ಅಂದಿನ ಫ್ರೇರ್ ರೋಡಿಗೆ ಈಗ ಬಂದರು ಕಾರ್ಮಿಕರ ನಾಯಕ ಪಿ. ಡಿಮೆಲ್ಲೊ ಅವರ ಹೆಸರಿದೆ. ಮುಖ್ಯ ಅಂಚೆ ಕಚೇರಿಯ ಕಡೆಯಿಂದ ಧಕ್ಕೆಗಳ ಉದ್ದಕ್ಕೂ ಉತ್ತರಕ್ಕೆ ಸಾಗುವ ರಸ್ತೆ ಅದು. ‘ಬೊಂಬಾಯಿ-9’ ಎಂಬುದು ಹಳೆಯ ಅಂಚೆ ವಲಯ. 1972ರಲ್ಲಿ ಪಿನ್‌ಕೋಡ್ ಬಂದಾಗ ಅದು 400009 ಆಯಿತು, ಅಂದರೆ ಚಿಂಚ್‌ಬಂದರ್. ಆದ್ದರಿಂದ ನೀವು ಇಡೀ ರಸ್ತೆಯನ್ನು ಅಲೆಯಬೇಕಾಗಿಲ್ಲ, ಆ ವಲಯದೊಳಗೆ ಬರುವಷ್ಟನ್ನು ನೋಡಿದರೆ ಸಾಕು.

ಆದರೆ ನಿಮ್ಮ ಪತ್ರವನ್ನು ಎರಡನೆಯ ಸಲ ಓದುವಾಗ ನನಗೆ ಹೊಳೆದ ಸಂಗತಿಯೆಂದರೆ, ನೀವು ಹುಡುಕಬೇಕಾದ ಮನೆಗಳು ಎರಡು. ನಿಮ್ಮ ಅಜ್ಜಿ ಹೇಳುತ್ತಿದ್ದ ಬೆಂಕಿ 1944ರ ಏಪ್ರಿಲ್ 14ರದ್ದಾಗಿರಬೇಕು. ಅಂದು ಸಂಜೆ ನಾಲ್ಕು ಗಂಟೆ ಕಳೆದ ಮೇಲೆ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕೀನ್ ಎಂಬ ಹಡಗು ಎರಡು ಬಾರಿ ಸ್ಫೋಟಿಸಿತು. ಮದ್ದುಗುಂಡುಗಳ ಜೊತೆಗೆ ಹತ್ತಿಯ ಮೂಟೆಗಳನ್ನೂ ತುಂಬಿದ್ದುದರಿಂದ ಉರಿಯುವ ಹತ್ತಿ ಹಾರಿ ಬಿದ್ದು ಸುತ್ತಲಿನ ಗೋದಾಮುಗಳಿಗೂ ವಸತಿಗಳಿಗೂ ಬೆಂಕಿ ಹತ್ತಿಕೊಂಡಿತು. ನಿಮ್ಮ ಕೂಪನ್ ಅದಕ್ಕಿಂತ ಎಂಟು ವರ್ಷ ಈಚಿನದು. ಹಾಗಾಗಿ ಅದರಲ್ಲಿರುವ ವಿಳಾಸ ಬೆಂಕಿಯ ನಂತರ ಅವರು ಸೇರಿದ ಮನೆಯದ್ದಿರಬೇಕು, ಮತ್ತು ಆ ಕಟ್ಟಡ ಇಂದಿಗೂ ನಿಂತಿರುವ ಸಾಧ್ಯತೆಯಿದೆ.

ಮೊದಲನೆಯ ಮನೆಯ ಸುಳಿವನ್ನು ಮುಂಬಯಿಯಲ್ಲಿ ಹುಡುಕುವ ಮೊದಲು ಊರಿನಲ್ಲಿಯೇ ಹುಡುಕಿ. ಬೊಂಬಾಯಿಯ ದುಡ್ಡಿನಿಂದ ಅವರು ಊರಿನಲ್ಲಿ ಗದ್ದೆಯನ್ನೋ ತೆಂಗಿನ ತೋಟವನ್ನೋ ಕೊಂಡಿದ್ದರೆ, ಅಥವಾ ಅಡವು ಬಿಡಿಸಿಕೊಂಡಿದ್ದರೆ, ಆ ಪತ್ರ ಸಬ್‌ರಿಜಿಸ್ಟ್ರಾರ್ ಕಚೇರಿಯ ಒಂದನೆಯ ಪುಸ್ತಕದಲ್ಲಿ ನಕಲಾಗಿರುತ್ತದೆ. 1908ರ ನೋಂದಣಿ ಕಾಯ್ದೆಯಂತೆ ಬರೆದುಕೊಟ್ಟವರ ಮತ್ತು ಬರೆಸಿಕೊಂಡವರ ಹೆಸರಿನ ಸೂಚಿಯಲ್ಲಿ ತಂದೆಯ ಹೆಸರು, ಕಸುಬು, ವಾಸಸ್ಥಳಗಳನ್ನೂ ನಮೂದಿಸಬೇಕು. ಶುಲ್ಕ ಕಟ್ಟಿದ ಯಾರೇ ಆಗಲಿ ಈ ಪುಸ್ತಕವನ್ನೂ ಸೂಚಿಯನ್ನೂ ನೋಡಿ ನಕಲು ಪಡೆಯಬಹುದು. ನನ್ನ ತಾಯಿಯ ಕಡೆಯ ಹಿರಿಯರೊಬ್ಬರ ಮುಂಬಯಿ ವಿಳಾಸ ನನಗೆ ಸಿಕ್ಕಿದ್ದು ಹೀಗೆಯೇ, ಕುಂಬಳೆಯ ಬಳಿಯ ಒಂದು ತೋಟದ ಕ್ರಯಪತ್ರದ ಎರಡನೆಯ ಸಾಲಿನಲ್ಲಿ: ‘ಹಾಲಿ ಬೊಂಬಾಯಿ ಮಾಂಡವಿಯಲ್ಲಿ ವಾಸ’. ಕೂಡಿಸಿ ಬರೆದ ಮೋಡಿ ಅಕ್ಷರವಾಗಿದ್ದರೂ ಕನ್ನಡವಾಗಿತ್ತು, ಓದಿದಾಗ ಕಣ್ಣು ತುಂಬಿ ಬಂತು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವವರೆಗೆ ನಮ್ಮ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದುದರಿಂದ ಆ ಕಾಲದ ಪತ್ರಗಳು ಕನ್ನಡದಲ್ಲಿರುವುದು ಸಾಮಾನ್ಯ. ಭಾಷಾಂತರಕ್ಕಾಗಿ ಯಾರನ್ನೂ ಕಾಯಬೇಕಾಗಿಲ್ಲ.

ಇನ್ನು ಮುಂಬಯಿಯ ಕಡತಗಳ ವಿಷಯ. ನಗರದ ಭೂಮಾಪನ ಕಚೇರಿಯ (ಸಿಟಿ ಸರ್ವೆ) ಆಸ್ತಿ ದಾಖಲೆಯಾದ ಪ್ರಾಪರ್ಟಿ ಕಾರ್ಡಿನಲ್ಲಿ ಮುತ್ತಜ್ಜನ ಹೆಸರನ್ನು ಹುಡುಕಿ ನಿರಾಶರಾಗಬೇಡಿ. ಅದರಲ್ಲಿ ಇರುವುದು ಒಡೆಯರ ಹೆಸರು, ಬಾಡಿಗೆದಾರರದ್ದಲ್ಲ; ಧಕ್ಕೆಯ ಹತ್ತಿರದ ಎಷ್ಟೋ ಜಾಗಕ್ಕೆ 1873ರಲ್ಲಿ ಸ್ಥಾಪನೆಯಾದ ಪೋರ್ಟ್ ಟ್ರಸ್ಟೇ (ಈಗಿನ ಮುಂಬಯಿ ಬಂದರು ಪ್ರಾಧಿಕಾರ) ಒಡೆಯ. ಆ ಕಾರ್ಡಿನಿಂದ ನಿಮಗೆ ಬೇಕಾದದ್ದು ಸಿ.ಎಸ್. ನಂಬರ್, ಅಂದರೆ ಸಿಟಿ ಸರ್ವೆ ನಂಬರ್ ಮಾತ್ರ. ರಸ್ತೆಯ ಹೆಸರು, ಬಾಗಿಲ ಸಂಖ್ಯೆಗಳು ಬದಲಾದರೂ ಆ ನಂಬರ್ ಹಿಡಿದು ಹೋದರೆ ಕಟ್ಟಡ ಬಿದ್ದುಹೋಗಿದ್ದರೂ ಜಾಗವನ್ನು ನಕ್ಷೆಯಲ್ಲಿ ಗುರುತಿಸಬಹುದು. ಚಾಳಿನ ಹೆಸರು ಹೇಳಿ ಪಾಲಿಕೆಯ ಬಿ ವಾರ್ಡ್ ಕಚೇರಿಯ ತೆರಿಗೆ ವಿಭಾಗದಲ್ಲಿ ಮೊದಲು ವಿಚಾರಿಸಿ.

ಬಾಡಿಗೆದಾರನ ಹೆಸರು ಸಿಗುವುದು ಬಾಡಿಗೆಯ ರಸೀದಿಯಲ್ಲಿ. ಆ ಕಾಲದ ಚಾಳುಗಳಲ್ಲಿ ಪಗಡಿಯ (ಮೊದಲಿಗೆ ದೊಡ್ಡ ಮೊತ್ತ ಕೊಟ್ಟು ಬಾಡಿಗೆಗೆ ಹಿಡಿದ) ಖೋಲಿಗಳು ತಂದೆಯಿಂದ ಮಗನಿಗೆ ಬಂದು ಈಗಲೂ ಅದೇ ಮನೆತನಗಳ ಕೈಯಲ್ಲಿರುವುದುಂಟು; ಅವರಲ್ಲಿ ವಿಚಾರಿಸಿ. ಹಿರಿಯರು ಮೊಗವೀರರಾಗಿದ್ದರೆ 1902ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಲ್ಲೂ ಕೇಳಿ ನೋಡಿ. ಊರಿನವರು ಊರಿನವರ ಜೊತೆಗೇ ಖೋಲಿ ಹಂಚಿಕೊಳ್ಳುತ್ತಿದ್ದುದರಿಂದ ಉಪ್ಪಳ, ಮಂಜೇಶ್ವರದ ಬೇರೆ ಮನೆಗಳಲ್ಲೂ ಅದೇ ವಿಳಾಸದ ಕಾಗದಗಳಿರಬಹುದು.

ಕೂಪನನ್ನು ಮಾತ್ರ ಮುಂಬಯಿಗೆ ಒಯ್ಯಬೇಡಿ, ಫೋಟೊ ತೆಗೆದುಕೊಂಡು ಹೋಗಿ. ಫೋಟೊ ತೆಗೆಯುವಾಗ ಅಂಚೆಯ ಮುದ್ರೆಯನ್ನು ಓರೆ ಬೆಳಕಿನಲ್ಲಿ ಹಿಡಿದು ನೋಡಿ. ಮಸಿ ಮಾಸಿದ್ದರೂ ಒತ್ತಿದ ಗುರುತು ಕಾಗದದಲ್ಲಿ ಉಳಿದಿರಬಹುದು. ಹಣ ಕಟ್ಟಿದ ಅಂಚೆ ಕಚೇರಿಯ ಹೆಸರು ಅದರಲ್ಲಿ ಓದಲು ಸಿಕ್ಕಿದರೆ, ಆ ಚಾಳು ರಸ್ತೆಯ ಯಾವ ತುದಿಗೆ ಹತ್ತಿರವಿತ್ತೆಂಬುದು ತಿಳಿದೀತು.